ಮರುಗದವ್ವನ ತಲೆನೋವು

ನಮ್ಮ ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದಕ್ಕೆ ಹೆಸರುವಾಸಿ. ಮೂಲೆಮನೆಯವರು ಜಗಳಕ್ಕೆ, ಎದುರುಮನೆಯ ರಿಟೈರಾದ ರೈಲ್ವೆ ನೌಕರರು ಗೊರಕೆಗೆ, ಹೈಸ್ಕೂಲು ಟೀಚರಾದ ನಾನು ಎಲ್ಲರ ಮಕ್ಕಳನ್ನೂ ನಿಲ್ಲಿಸಿ ಹೋಂವರ್ಕ್ ವಿಚಾರಿಸುವುದಕ್ಕೆ. ಪಕ್ಕದ ಮನೆಯ ಅವ್ವ ತಲೆನೋವಿಗೆ ಹೆಸರಾಗಿದ್ದರು. ನಾನೂ ನನ್ನ ಯಜಮಾನರೂ ಅರಸೀಕೆರೆಯ ಈ ಬೀದಿಗೆ ಬಾಡಿಗೆಗೆ ಬಂದ ಮಾರನೆಯ ಬೆಳಿಗ್ಗೆ ಹಾಲಿನವನು ಮನೆಮನೆಯ ಪರಿಚಯ ಹೇಳುತ್ತ, “ಈ ಪಕ್ಕದ ಮನೇಲಿ ಒಂದಜ್ಜಿ ಐತೆ ಮೇಡಂ. ಬಲೇ ಗಟ್ಟಿ. ತಲೆನೋವೊಂದು ಬಿಟ್ರೆ ಇನ್ನೇನೂ ಕಾಯಿಲೆ ಇಲ್ಲ, ಪಾಪ” ಅಂದಿದ್ದ.

ಹೋದ ತಿಂಗಳು ಅವರು ತೀರಿಕೊಂಡರು. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಮರುಗದವ್ವ ಎಂದು. ನಿಜವಾದ ಹೆಸರು ನನಗೆ ಗೊತ್ತಾದದ್ದು ಮಗ ಹಂಚಿದ ತಿಥಿಯ ಕಾರ್ಡಿನಲ್ಲಿ. ಆ ಹೆಸರು ಯಾರೋ ಬೇರೆಯವರದು ಎಂಬಂತೆ ಕಂಡಿತು. ಅದನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

ಉದ್ದನೆಯ ಮೈಕಟ್ಟು, ಸ್ವಲ್ಪ ಬಾಗಿದ ಬೆನ್ನು, ಒಗೆದು ಒಗೆದು ಬಣ್ಣ ಮರೆತ ನೂಲಿನ ಸೀರೆ. ತಲೆಯ ಮೇಲೆ ಸೆರಗು. ಆ ಸೆರಗಿನ ಅಂಚಿನಲ್ಲಿ, ಬಲಗಿವಿಯ ಹಿಂದೆ, ತುರುಬಿಗೆ ಸಿಕ್ಕಿಸಿದ ಹಸಿರು ಕುಡಿಯೊಂದು ಇಣುಕುತ್ತಿತ್ತು. ಅದು ಮರುಗ. ಬಸ್‌ಸ್ಟ್ಯಾಂಡಿನಲ್ಲಿ ಹೂವಾಡಗಿತ್ತಿಯರು ಕನಕಾಂಬರದ ನಡುನಡುವೆ ಸೇರಿಸಿ ಕಟ್ಟುತ್ತಾರಲ್ಲ, ಸಣ್ಣಸಣ್ಣ ಎಲೆಯ ಬೂದುಹಸಿರಿನ ಸೊಪ್ಪು, ಅದೇ. ಕನಕಾಂಬರಕ್ಕೆ ಬಣ್ಣವಿದೆ, ವಾಸನೆಯಿಲ್ಲ. ಆ ಕೊರತೆಯನ್ನು ತುಂಬುವುದು ಮರುಗ. ಮಾಲೆಯಲ್ಲಿ ಅದರ ಕಡೆಗೆ ಯಾರೂ ಕಣ್ಣು ಹಾಯಿಸುವುದಿಲ್ಲ, ಹೊಗಳಿಕೆಯೆಲ್ಲ ಹೂವಿನ ಪಾಲು.

ಅವ್ವನ ಹಿತ್ತಲಿನಲ್ಲಿ ಮೂರ್ನಾಲ್ಕು ತೆಂಗಿನ ಮರ, ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ಆಚೆಗೆ ಗೋಡೆಯುದ್ದಕ್ಕೂ ಮರುಗದ ಸಾಲು. ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಚೊಂಬಿನಲ್ಲಿ ತಂದು ಒಂದೊಂದು ಬುಡಕ್ಕೂ ಅಳತೆಯಾಗಿ ಹನಿಸುತ್ತಿದ್ದರು. ಹೆಚ್ಚು ನೀರು ಕುಡಿದರೆ ಬೇರು ಕೊಳೆಯುತ್ತದಂತೆ. ಕತ್ತರಿ, ಚಾಕು ಹತ್ತಿರ ಸುಳಿಯುವಂತಿರಲಿಲ್ಲ. ಉಗುರಿನಲ್ಲೇ ಚಿವುಟಬೇಕು, ಅದೂ ಮೇಲಿನ ಕುಡಿಯನ್ನು ಮಾತ್ರ. “ಮೇಲೆ ಚಿವುಟಿದ್ರೆ ಅಕ್ಕಪಕ್ಕ ಕವಲು ಒಡೀತದೆ ಟೀಚರಮ್ಮ. ಬುಡಕ್ಕೆ ಕೈ ಹಾಕಿದ್ರೆ ಹೋಯ್ತು” ಅನ್ನುತ್ತಿದ್ದರು. ಗಿಡದ ಜೊತೆ ಅವರದು ಯಾವಾಗಲೂ ಬೈಗುಳದ ಮಾತು. “ಯಾಕೇ, ಏನಾಗೈತೆ ನಿಂಗೆ? ಮುಖ ಊದಿಸ್ಕಂಡಿದೀಯ?” ಎಂದು ಗದರುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಸೊಸೆಗೆ ಬೈಯುತ್ತಿದ್ದಾರೆಂದು ನನ್ನ ಯಜಮಾನರು ಮೊದಮೊದಲು ಗಾಬರಿಯಾಗುತ್ತಿದ್ದರು. ಸೊಸೆಗೆ ಅವರು ಗಟ್ಟಿಯಾಗಿ ಒಂದು ಮಾತನ್ನೂ ಆಡಿದವರಲ್ಲ.

ಬೀದಿಯ ಅರ್ಧ ಔಷಧಿ ಆ ಸಾಲಿನಿಂದಲೇ ನಡೆಯುತ್ತಿತ್ತು. ಮಕ್ಕಳಿಗೆ ಮೂಗು ಕಟ್ಟಿದರೆ ಕುದಿಯುವ ನೀರಿಗೆ ಒಂದು ಹಿಡಿ ಮರುಗ ಹಾಕಿ, ಮೇಲೆ ಕಂಬಳಿ ಮುಚ್ಚಿಸಿ ಹಬೆ ಹಿಡಿಸುತ್ತಿದ್ದರು. ಒಳಗಿನಿಂದ ಮಗು ಅತ್ತರೆ ಹೊರಗಿನಿಂದ ಇವರು ಕತೆ ಹೇಳುತ್ತಿದ್ದರು. ಹೊಟ್ಟೆ ಉಬ್ಬರಿಸಿದ ಕೂಸಿಗೆ ಕೊಬ್ಬರಿ ಎಣ್ಣೆಯಲ್ಲಿ ಮರುಗ ಬಾಡಿಸಿ, ಎಣ್ಣೆ ಬೆಚ್ಚಗಿರುವಾಗಲೇ ಹೊಕ್ಕಳ ಸುತ್ತ ಸವರುವುದು. ಅದೇ ಎಣ್ಣೆ ಮುದುಕರ ಮಂಡಿಗೆ. ನನ್ನ ಕ್ಲಾಸಿನ ಹುಡುಗಿಯರು ತಿಂಗಳ ನೋವಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಂದರೆ ಮರುಗ, ಜೀರಿಗೆ, ಬೆಲ್ಲ ಹಾಕಿದ ಕಷಾಯ. ನಿದ್ದೆ ಬಾರದವರ ತಲೆದಿಂಬಿನ ಕೆಳಗೆ ಎರಡು ಕಡ್ಡಿ. ರೇಷ್ಮೆ ಸೀರೆಯ ಮಡಿಕೆಯೊಳಗೆ ಒಣಗಿದ ನಾಲ್ಕು ಎಲೆ, ಹುಳ ಬರದಿರಲೆಂದು.

ಮೊದಲು ಕಿವಿನೋವಿಗೆ ಎಲೆ ಬಾಡಿಸಿ ರಸವನ್ನು ಕಿವಿಯೊಳಗೇ ಬಿಡುತ್ತಿದ್ದರಂತೆ. ಯಾರೋ ಡಾಕ್ಟರು ಅದು ಬೇಡ ಎಂದ ಮೇಲೆ ನಿಲ್ಲಿಸಿದರು. “ಅವರತ್ರ ಕಿವಿ ಒಳಗೆ ನೋಡೋ ದೀಪ ಐತೆ. ನಂಗೆ ಕಾಣ್ಸೋದು ಹೊರಗಿಂದಷ್ಟೆ” ಅಂದರು. ಆಮೇಲಿಂದ ಬಿಸಿ ಮಾಡಿದ ಸೊಪ್ಪಿನ ಶಾಖವನ್ನು ಕಿವಿಯ ಹಿಂದೆ ಕೊಟ್ಟು, ಮಗುವನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು. ತಮ್ಮ ಸೊಪ್ಪಿನ ಎಲ್ಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎದೆ ಹಿಡಿದುಕೊಂಡು ಬಂದವರಿಗೆ ಕೂರಲೂ ಹೇಳುತ್ತಿರಲಿಲ್ಲ. “ಎದೆಗೆ ನಮ್ಮಲ್ಲಿ ಸೊಪ್ಪಿಲ್ಲ. ಆಟೋ ಕರೀರೋ” ಎಂದು ಕೂಗುತ್ತಿದ್ದರು.

ಊರವರ ನೋವನ್ನೆಲ್ಲ ನೋಡುವ ಈ ಅವ್ವನಿಗೆ ತಮ್ಮ ತಲೆನೋವನ್ನು ಮಾತ್ರ ವಾಸಿ ಮಾಡಿಕೊಳ್ಳಲಾಗಲಿಲ್ಲ ಎಂಬುದು ಬೀದಿಯವರ ಮರುಕ. ಅವರ ಒಬ್ಬನೇ ಮಗ ತೆಂಗಿನಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದ. ಬಹಳ ಒಳ್ಳೆಯವನು, ತಾಯಿಯೆಂದರೆ ಪ್ರಾಣ. ಕಂಡವರನ್ನೆಲ್ಲ ನಿಲ್ಲಿಸಿ ತಲೆನೋವಿಗೆ ಏನು ಮಾಡಬಹುದೆಂದು ಕೇಳುತ್ತಿದ್ದ. ನನ್ನನ್ನೂ ಕೇಳಿದ. ಕನ್ನಡ ಟೀಚರಿಗೆ ಗೊತ್ತಿರುವ ಮದ್ದು ಯಾವುದು? ಕಣ್ಣು ತೋರಿಸಿ ಅಂದೆ. ಕಣ್ಣು ತೋರಿಸಿದ, ಕನ್ನಡಕ ಬಂತು. ಅವ್ವ ಅದನ್ನು ಹಾಕಿಕೊಂಡು ರಾಗಿಯಲ್ಲಿನ ಕಲ್ಲು ಆರಿಸಿದರು. ಸೊಸೆ ನೋವಿನ ಮುಲಾಮು ತಂದುಕೊಟ್ಟಳು, ಅವ್ವ ಅದನ್ನು ಮಂಡಿಗೆ ಹಚ್ಚಿಕೊಂಡರು. ಕೊನೆಗೆ ಮಗ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದ. ಏನೂ ಇಲ್ಲ ಅಂದರು ಡಾಕ್ಟರು. ಮಗನಿಗೆ ಭಯ ಇನ್ನೂ ಜಾಸ್ತಿಯಾಯಿತು. “ಮಿಷಿನ್ನಿಗೂ ಕಾಣ್ತಿಲ್ಲ ಅಂದ್ರೆ ಏನೋ ದೊಡ್ಡದೇ ಇರ್ಬೇಕು ಮೇಡಂ” ಎಂದು ಗೇಟಿನ ಹತ್ತಿರ ನಿಂತು ಕಣ್ಣೊರೆಸಿಕೊಂಡ.

ಆಮೇಲೆ ಅವನು ಯಾರಿಗೂ ಹೇಳದೆ ಮಾಲೇಕಲ್ಲು ಬೆಟ್ಟದ ದೇವರಿಗೆ ಹರಕೆ ಹೊತ್ತುಬಿಟ್ಟ. ಬರಿಗಾಲಲ್ಲಿ ಬೆಟ್ಟ ಹತ್ತಿ ಮುಡಿ ಕೊಟ್ಟು ಬಂದ. ತಾಯಿಯ ತಲೆನೋವಿಗೆ ಮಗನ ತಲೆ ಬೋಳಾಗಿತ್ತು. ಅವನನ್ನು ಆ ಸ್ಥಿತಿಯಲ್ಲಿ ಬಾಗಿಲಲ್ಲಿ ಕಂಡ ಅವ್ವ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ತುಂಬ ಹೊತ್ತು ಕೂತಿದ್ದರು. ಸಂಜೆ ಎದ್ದು ಬಂದು ಮಗನ ನುಣ್ಣನೆಯ ತಲೆ ಸವರಿ, “ಅರ್ಧ ವಾಸಿ ಆದಂಗೈತೆ ಕಣಪ್ಪ” ಅಂದರು. ಮಗ ಹಿಗ್ಗಿ ಬೀದಿಗೆಲ್ಲ ಪ್ರಸಾದ ಹಂಚಿದ.

“ಪೂರ್ತಿ ಯಾಕೆ ವಾಸಿ ಆಗಲಿಲ್ಲ ಅವ್ವ?” ಎಂದು ಕಾಂಪೌಂಡಿನ ಈಚೆಯಿಂದ ನಾನು ಕೇಳಿದೆ.

“ಬೆಟ್ಟದಪ್ಪಂಗೂ ಬೇರೆ ಕೆಲ್ಸ ಇರ್ತಾವೆ ಟೀಚರಮ್ಮ. ನಮ್ಮನ್ನೊಬ್ರನ್ನೇ ನೋಡ್ಕಂಡು ಕುಂತಿರ್ತಾನಾ?”

ಅಲ್ಲಿಂದ ಮುಂದೆ ಅವರಿಗೆ ತಲೆನೋವು ಬರುತ್ತಿದ್ದದ್ದು ಶುಕ್ರವಾರಗಳಲ್ಲಿ, ಹಬ್ಬಗಳಲ್ಲಿ, ಯಾರದಾದರೂ ಮನೆಯ ಮದುವೆಯಲ್ಲಿ.

ನನಗೆ ಅನುಮಾನ ಹುಟ್ಟಿಸಿದ್ದು ಒಂದು ಬೇಸಿಗೆ. ಬೀದಿಯ ನಲ್ಲಿಗೆ ಸರಿಯಾಗಿ ನೀರು ಬರದೆ ಅವ್ವನ ಮರುಗದ ಸಾಲು ಪೂರ್ತಿ ಒಣಗಿತು. ಆ ದಿನಗಳಲ್ಲಿ ಅವರು ತಲೆನೋವು ಅಂದದ್ದನ್ನು ಯಾರೂ ಕೇಳಲಿಲ್ಲ. ಶುಕ್ರವಾರಗಳು ಬಂದವು, ಯುಗಾದಿ ಬಂತು, ತಲೆ ನೋಯಲಿಲ್ಲ. ಮಗನಿಗೆ ಮತ್ತೊಮ್ಮೆ ಬೆಟ್ಟ ಹತ್ತುವಷ್ಟು ಸಂತೋಷ. ನನ್ನ ಯಜಮಾನರು ಪೇಪರಿನಿಂದ ಮುಖ ಎತ್ತಿ, “ಈ ಅಜ್ಜಿಯದು ವಿಚಿತ್ರ ಕಣೇ. ಎಲ್ಲರಿಗೂ ಕಾಯಿಲೆ ಬಂದಾಗ ಔಷಧಿ ಬೇಕು. ಇವರಿಗೆ ಔಷಧಿ ಸಿಕ್ಕಿದಾಗಲೇ ಕಾಯಿಲೆ ಬರುತ್ತೆ” ಎಂದು ನಕ್ಕರು. ನಾನೂ ನಕ್ಕೆ. ನಗುತ್ತಿದ್ದಂತೆಯೇ ನನಗೆ ಹೊಳೆಯಿತು.

ಅವ್ವನ ಗಂಡ ತೀರಿಕೊಂಡಾಗ ಮಗ ಇನ್ನೂ ತೊಟ್ಟಿಲಲ್ಲಿದ್ದನಂತೆ. ಆವತ್ತು ಬಳೆ, ಕುಂಕುಮದ ಜೊತೆಗೆ ಹೂವೂ ಹೋಯಿತು. ನಮ್ಮ ಕಡೆಯ ರಿವಾಜು ಎಲ್ಲರಿಗೂ ಗೊತ್ತಿರುವುದೇ. ಗಂಡ ಹೋದವಳು ತಲೆಗೆ ಹೂ ಇಡುವಂತಿಲ್ಲ. ಆದರೆ ಮರುಗ ಹೂವಲ್ಲ, ಸೊಪ್ಪು. ಅದೂ ಔಷಧಿಯ ಸೊಪ್ಪು. ತಲೆನೋವೆಂದು ಸೊಪ್ಪು ಇಟ್ಟುಕೊಂಡವಳನ್ನು ಯಾವ ಹಿರಿಯರು ತಾನೇ ಬೇಡ ಅಂದಾರು? ಇಷ್ಟು ವರ್ಷ ಒಂದು ಊರಿನ ಕಣ್ಣೆದುರಿಗೇ ತಲೆಗೆ ಮುಡಿದುಕೊಂಡು ಓಡಾಡಿ, ಅದೇ ಊರಿನಿಂದ ಪಾಪ ಅನಿಸಿಕೊಂಡವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಆದರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಅವರ ತಲೆಯಿಂದ ಆ ಕುಡಿಯನ್ನು ನಾನೇ ಕಿತ್ತ ಹಾಗಾಗುತ್ತದೆ ಅನಿಸಿತು.

ಮಳೆ ಹಿಡಿದ ಮೇಲೆ ಹೊಸ ಕಡ್ಡಿ ತರಬೇಕೆಂದು ಅವ್ವ ಹಳೇಬೀಡಿಗೆ ಹೊರಟರು. ಅದು ಅವರ ಗಂಡನ ಊರು. ಕೆರೆಯ ಹಿಂದಿನ ಹಳೆಯ ಮನೆಯ ಬಾವಿಕಟ್ಟೆಯ ಹತ್ತಿರ ಅವರ ಅತ್ತೆ ನೆಟ್ಟ ಮರುಗ ಇನ್ನೂ ಇತ್ತು. ಮಗನಿಗೆ ಮಂಡಿಯಲ್ಲಿ ರಜೆ ಸಿಗದ್ದರಿಂದ ಜೊತೆಗೆ ನಾನು ಹೋದೆ. ಬಾಣಾವರ ದಾಟಿ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಯಾರ ತೋಟಕ್ಕೆ ಯಾರು ಕಾಯಿ ಕೀಳಲು ಬರುತ್ತಾರೆ ಎಂಬ ವರದಿ ಒಪ್ಪಿಸಿದರು.

ಆ ಮನೆಯಲ್ಲಿ ಅವರ ಓರಗಿತ್ತಿ ಇದ್ದರು. ಗಂಡನ ಅಣ್ಣನ ಹೆಂಡತಿ. ಗುಂಡಗೆ, ಬೆಳ್ಳಗೆ, ಕಾಸಗಲ ಕುಂಕುಮ, ತಲೆ ತುಂಬ ಸೇವಂತಿಗೆ. ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟರು, ಕೊಡುತ್ತಲೇ ಅವ್ವನ ತುರುಬಿನ ಕಡೆ ನೋಡಿದರು. ಅವ್ವ ಹಿತ್ತಲಿಗೆ ಹೋದವರು ಆಗಲೇ ಒಂದು ಕುಡಿ ಸಿಕ್ಕಿಸಿಕೊಂಡು ಬಂದಿದ್ದರು.

“ಇನ್ನೂ ವಾಸಿ ಆಗ್ಲಿಲ್ವೇನೇ ನಿನ್ ತಲೆನೋವು?”

“ಎಲ್ಲಿ ವಾಸಿ ಆಯ್ತದೆ ಅಕ್ಕ.”

“ನಮ್ ವಂಶದಾಗೆ ಇನ್ಯಾರ್ಗೂ ಇಂಥ ತಲೆನೋವು ಬಂದಿದ್ದು ಕಾಣೆ ಕಣಮ್ಮ. ನಿಂಗೊಬ್ಬಳ್ಗೇ ಅದೆಲ್ಲಿಂದ ಅಂಟ್ಕಂತೋ.”

ಮಾತು ಚುಚ್ಚುವಂತಿತ್ತು. ನನಗೆ ಸಿಟ್ಟು ಬಂತು. ಅವ್ವ ಮಾತ್ರ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಬಹಳ ಮೆತ್ತಗೆ, “ನಿಂಗೆ ಈ ನೋವು ಬರೋದೇ ಬ್ಯಾಡ ಅಂತ ದಿನಾ ದೇವ್ರನ್ನ ಕೇಳ್ಕತ್ತೀನಿ ಅಕ್ಕ” ಅಂದರು. ಜಗಲಿಯ ಮೇಲೆ ಓರಗಿತ್ತಿಯ ಗಂಡ ಕಣ್ಣು ಮುಚ್ಚಿ ಬಿಸಿಲು ಕಾಯಿಸುತ್ತ ಕೂತಿದ್ದರು. ಓರಗಿತ್ತಿ ಆ ಕಡೆಗೊಮ್ಮೆ ನೋಡಿ, ಲೋಟ ಎತ್ತಿಕೊಂಡು ಒಳಗೆ ಹೋದರು.

ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಬಸ್ಸಿಗೆ ಇನ್ನೂ ಹೊತ್ತಿದ್ದದ್ದರಿಂದ ದೇವಸ್ಥಾನದ ಹುಲ್ಲಿನ ಮೇಲೆ ಬಂದು ಕೂತೆವು. ಟೂರಿಸ್ಟರು ಗೋಡೆಯ ಶಿಲ್ಪಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವ್ವ ಕನ್ನಡಕ ಹಾಕಿಕೊಂಡು ಆ ಕಲ್ಲಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಕೊರಳಿಗೆ ಹಾರ, ಕೈತುಂಬ ಕಡಗ, ತುರುಬಿಗೆ ಅಲಂಕಾರ. “ಮದುವೆ ಆಗಿ ಬಂದಾಗಿಂದ ನೋಡ್ತಿವ್ನಿ. ಇವರಲ್ಲಿ ಯಾರ ಗಂಡ ಬದುಕವ್ನೆ ಅಂತ ಇದುವರೆಗೂ ಯಾರಾರ ಕೇಳವ್ರಾ?” ಅಂದರು. ಅಂದು ತಾವೇ ನಕ್ಕು, ಬಸ್ಸು ಬಂತೇನೋ ನೋಡು ಅಂದರು.

ಮರುವರ್ಷ ನನ್ನ ಯಜಮಾನರು ಹೋದರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡರು. ನನ್ನ ಕೂಗು ಕೇಳಿ ಮೊದಲು ಓಡಿ ಬಂದವರು ಅವ್ವನೇ. ಮುಖ ನೋಡಿದವರೇ ಬೀದಿಗೆ ಹೋಗಿ ಆಟೋ ಕೂಗಿದರು. ಆಸ್ಪತ್ರೆ ಮುಟ್ಟಿದೆವು, ಆದರೆ ಉಳಿಯಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ಈಗಲೂ ನನ್ನಿಂದ ಆಗುವುದಿಲ್ಲ.

ಇದು ಹಳೆಯ ಕಾಲವಲ್ಲ. ಕುಂಕುಮ ಅಳಿಸು ಎಂದು ನನಗೆ ಯಾರೂ ಹೇಳಲಿಲ್ಲ. ನಾನು ಬಿಂದಿ ಇಟ್ಟುಕೊಂಡೇ ಸ್ಕೂಲಿಗೆ ಹೋಗುತ್ತಿದ್ದೆ, ಯಾರೂ ಹುಬ್ಬೇರಿಸಲಿಲ್ಲ. ಆ ವರ್ಷದ ಶಾರದಾ ಪೂಜೆಯ ದಿನ ಸ್ಟಾಫ್ ರೂಮಿನಲ್ಲಿ ಕಿರಿಯ ಟೀಚರೊಬ್ಬಳು ಹೂವಿನ ಬುಟ್ಟಿ ಹಿಡಿದು ಎಲ್ಲರಿಗೂ ಒಂದೊಂದು ತುಂಡು ಮಾಲೆ ಕೊಡುತ್ತ ಬಂದಳು. ಕನಕಾಂಬರ, ನಡುವೆ ಮರುಗ. ನನ್ನ ಮುಂದೆ ಬಂದಾಗ ಅವಳ ಕೈ ಬುಟ್ಟಿಯೊಳಗೆ ಹೋಗಿ ತಡೆಯಿತು. ಕೊಡಲೋ ಬೇಡವೋ ಎಂದು ಅವಳಿಗೇ ತಿಳಿಯಲಿಲ್ಲ. “ಅಕ್ಕ, ಪ್ರಸಾದ ತಗೊಳ್ಳಿ” ಎಂದು ಪಕ್ಕದ ತಟ್ಟೆಯಿಂದ ಕಡಲೆಕಾಳು ಉಸಲಿ ಕೊಟ್ಟು ಮುಂದೆ ಹೋದಳು. ಅವಳು ಕೆಟ್ಟವಳಲ್ಲ. ನನಗೆ ನೋವಾಗಬಾರದೆಂದೇ ಕೈ ತಡೆದವಳು. ಆದರೂ ಆ ಉಸಲಿಯನ್ನು ತಿನ್ನದೆ ಪೇಪರಿನಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡೆ. ಬೇಡ ಅಂದಿದ್ದರೆ ಜಗಳವಾಡಬಹುದಿತ್ತು. ಯಾರೂ ಬೇಡ ಅನ್ನದಿದ್ದಾಗ ಯಾರ ಜೊತೆ ಜಗಳವಾಡುವುದು? ಮನೆಯ ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು.

ಅವ್ವ ಜಗಲಿಯ ಮೇಲೆ ಮೊರದಲ್ಲಿ ರಾಗಿ ಹರವಿಕೊಂಡು ಕೂತಿದ್ದರು.

“ಯಾಕೆ ಟೀಚರಮ್ಮ, ಮುಖ ಬಾಡೈತೆ?”

“ಏನಿಲ್ಲ ಅವ್ವ. ಸ್ಕೂಲಲ್ಲಿ ಪೂಜೆ ಇತ್ತು.”

ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ತಲೆ ನೋಡಿದರು. ಮೊರ ಪಕ್ಕಕ್ಕೆ ಸರಿಸಿದರು.

“ತಲೆನೋವಾ?”

“ಇಲ್ಲ ಅವ್ವ.”

“ಐತೆ.”

“ಇಲ್ಲ, ನಿಜವಾಗ್ಲೂ ಏನೂ ಇಲ್ಲ.”

“ಐತೆ ಕಣವ್ವ. ಬೇರೆ ಕಾಯಿಲೆ ಆಗಿದ್ರೆ ಡಾಕ್ಟ್ರನ್ನ ಕೇಳು ಅಂತಿದ್ದೆ. ಈ ತಲೆನೋವು ನಂಗೆ ಗುರುತು ಸಿಗಾಕಿಲ್ವಾ?”

ಹಿತ್ತಲಿಗೆ ಹೋಗಿ ಬಂದರು. ಗೇಟು ತೆಗೆದು ನನ್ನ ಕೈ ಹಿಡಿದು ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂರಿಸಿದರು. ಬೆಳಿಗ್ಗೆ ಅವಸರದಲ್ಲಿ ಹಾಕಿಕೊಂಡಿದ್ದ ಕ್ಲಿಪ್ಪು ಬಿಚ್ಚಿ, ಬೆರಳಿನಿಂದಲೇ ಕೂದಲು ಬಾಚಿ, ನಿಧಾನವಾಗಿ ಜಡೆ ಹೆಣೆದರು. ಬಲಗಿವಿಯ ಹಿಂದೆ ತಣ್ಣಗೆ ಏನೋ ತಗುಲಿತು. ಆಮೇಲೆ ಆ ವಾಸನೆ ಬಂತು. ಯಜಮಾನರು ಹೋದಮೇಲೆ ಮೊದಲ ಸಲ ನಾನು ಬಾಯಿಬಿಟ್ಟು ಅತ್ತೆ. ಅವ್ವ ಸಮಾಧಾನವೇನೂ ಹೇಳಲಿಲ್ಲ. “ಯಾರಾರ ಕೇಳಿದ್ರೆ ತಲೆನೋವು ಅನ್ನು. ಒಳಗೆ ಹೋಗಿ ನೋಡ್ಕಂಡು ಬರೋರು ಯಾರೂ ಇಲ್ಲ” ಅಂದರು.

ಅತ್ತು ಮುಗಿದ ಮೇಲೆ ನಾನು ಕೇಳಿಯೇಬಿಟ್ಟೆ. “ನಿಮ್ಮದು ಯಾವತ್ತೂ ಸುಳ್ಳೇನಾ ಅವ್ವ?”

“ಅಯ್ಯೋ, ಮೊದಲ್ನೇ ಸಲ ದಿಟವಾಗ್ಲೂ ನೋಯ್ತಿತ್ತು ಕಣವ್ವ” ಎಂದು ಅವರು ಆ ಕತೆ ಹೇಳಿದರು. ಗಂಡ ಹೋದ ಮೇಲೆ ಅತ್ತು ಅತ್ತು ತಲೆ ಸಿಡಿಯುತ್ತಿತ್ತಂತೆ. ಬಾಯಿ ಜೋರಿನ ಹೆಂಗಸೆಂದು ಊರಲ್ಲೆಲ್ಲ ಹೆಸರಾಗಿದ್ದ ಅತ್ತೆ ಬಾವಿಕಟ್ಟೆಯಿಂದ ಒಂದು ಹಿಡಿ ಮರುಗ ಕಿತ್ತು ತಂದು, ತಾನೇ ಸೊಸೆಯ ತುರುಬಿಗೆ ಸಿಕ್ಕಿಸಿ ಸೆರಗು ಮುಚ್ಚಿದಳು. ಬೆಳಗಾಗುವ ಹೊತ್ತಿಗೆ ನೋವು ಹೋಗಿತ್ತು. ಅತ್ತೆ ಬಂದು ವಾಸಿ ಆಯ್ತಾ ಎಂದು ಕೇಳಿದಳು. ಆಯ್ತು ಅಂದರೆ ಸೊಪ್ಪು ತೆಗೆಯಬೇಕು. ಇಲ್ಲ ಅತ್ತೆ, ಇನ್ನೂ ಐತೆ ಎಂದರು ಇವರು. ಅತ್ತೆ ಇವರ ಮುಖ ನೋಡಿದಳು. ಹೋಗಿ ಇನ್ನೊಂದು ಕುಡಿ ತಂದಿಟ್ಟಳು. ಆಮೇಲೆ ಅತ್ತೆ ಬದುಕಿರುವವರೆಗೂ ದಿನಾ ಬೆಳಿಗ್ಗೆ ಕೇಳುವುದು, ಇವರು ಇಲ್ಲ ಅನ್ನುವುದು.

“ಅವರಿಗೆ ಗೊತ್ತಿತ್ತಾ?” ಅಂದೆ.

“ಕೇಳೋಕೆ ಹೋಗ್ಲಿಲ್ಲ. ಕೇಳಿದ್ರೆ ಇಬ್ರಿಗೂ ಕಷ್ಟ ಆಗೋದು.”

ಮಾರನೆಯ ದಿನ ಸ್ಕೂಲಿನಲ್ಲಿ ಅದೇ ಕಿರಿಯ ಟೀಚರು ನನ್ನ ಜಡೆ ನೋಡಿ, “ಏನಕ್ಕ, ಮರುಗ?” ಅಂದಳು. ತಲೆನೋವು ಅಂದೆ. ಮುಂದಿನ ಶುಕ್ರವಾರ ನನ್ನ ಟೇಬಲ್ಲಿನ ಮೇಲೆ ಎಲೆಯಲ್ಲಿ ಸುತ್ತಿದ ಒಂದು ಹಿಡಿ ಮರುಗ ಇಟ್ಟು, “ತಲೆನೋವು ಹೇಗಿದೆ ಅಕ್ಕ?” ಎಂದು ಕೇಳಿ ಕ್ಲಾಸಿಗೆ ಓಡಿಹೋದಳು.

ಮರುಗದ ಬಗ್ಗೆ ಆಗ ನಾನು ಅಲ್ಲಿ ಇಲ್ಲಿ ಓದತೊಡಗಿದೆ. ಅದು ನಮ್ಮ ನಾಡಿನ ಗಿಡವೇ ಅಲ್ಲವಂತೆ. ಸಮುದ್ರದಾಚೆ, ಗ್ರೀಸು, ಈಜಿಪ್ಟು, ಆ ಮೆಡಿಟರೇನಿಯನ್ ಕಡಲಿನ ಸುತ್ತಲಿನದು. ಅಲ್ಲೂ ನೆಗಡಿಗೆ, ಹೊಟ್ಟೆಗೆ, ನಿದ್ದೆಗೆ ಇದನ್ನೇ ಬಳಸುತ್ತಿದ್ದರಂತೆ. ಅವ್ವನಿಗೆ ಹೇಳಿದೆ. ಆಶ್ಚರ್ಯವೇನೂ ಪಡಲಿಲ್ಲ. “ಓ, ಹಂಗಾದ್ರೆ ಇದೂ ತೌರು ಬಿಟ್ಟು ಬಂದಿರೋ ಹೆಣ್ಣೇ ಅನ್ನು. ಅದ್ಕೇ ಕೊಟ್ಟಷ್ಟು ನೀರಲ್ಲೇ ಬದುಕ್ತದೆ” ಅಂದರು. ಆ ದೇಶದಲ್ಲಿ ಹಿಂದೆ ಮದುಮಕ್ಕಳ ತಲೆಗೂ ಮರುಗವನ್ನೇ ಮುಡಿಸುತ್ತಿದ್ದರಂತೆ, ಸತ್ತವರ ಸಮಾಧಿಯ ಮೇಲೂ ಇದನ್ನೇ ನೆಡುತ್ತಿದ್ದರಂತೆ ಎಂದು ಮುಂದುವರಿಸಿದೆ. ಅವರು ಚಿವುಟುವುದನ್ನು ನಿಲ್ಲಿಸಿದರು.

“ಮದುವೆ ಆಗೋರ್ಗೂ ಕೊಡ್ತಾರೆ, ಸತ್ತೋರ್ಗೂ ಕೊಡ್ತಾರೆ. ನಡುವೆ ಬದುಕಿರೋರ್ಗೆ?”

ಅದನ್ನು ಪುಸ್ತಕದಲ್ಲಿ ಬರೆದಿಲ್ಲ ಅವ್ವ ಅಂದೆ.

ಎರಡು ವರ್ಷದ ಹಿಂದೆ ಹಳೇಬೀಡಿನ ಓರಗಿತ್ತಿಯ ಗಂಡ ತೀರಿಕೊಂಡರು. ಅವ್ವ ಹೋಗಿ, ಕಾರ್ಯ ಮುಗಿಯುವವರೆಗೂ ಅಲ್ಲೇ ಇದ್ದು ಬಂದರು. ಬಂದವರ ಮುಖದಲ್ಲಿ ಗೆಲುವಿರಲಿಲ್ಲ. ಕಾರ್ಯದ ಮಾರನೆಯ ದಿನ ಬಾವಿಕಟ್ಟೆಯ ಹತ್ತಿರದ ಮರುಗದ ಕುಡಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, “ಅಕ್ಕ, ತಲೆನೋವಾ?” ಎಂದು ಕೇಳಿದರಂತೆ. ಓರಗಿತ್ತಿ ಗೋಡೆಯ ಕಡೆ ಮುಖ ತಿರುಗಿಸಿ, “ನಾನೇನು ನಿನ್ನಂಗಲ್ಲ” ಅಂದರಂತೆ.

“ಹಠಮಾರಿ. ನೋವು ಬಂದ್ರೂ ಬಾಯಿ ಬಿಡಾಕಿಲ್ಲ” ಎಂದು ಅವ್ವ ನನ್ನ ಹತ್ತಿರ ಹೇಳಿದರು. ಸಿಟ್ಟಿನಿಂದಲ್ಲ. “ತಲೆ ತುಂಬ ಸೇವಂತಿಗೆ ಮುಡ್ಕಂಡು ತಿರುಗ್ದೋಳು ಟೀಚರಮ್ಮ. ಆ ಬರಿದಾದ ತುರುಬ ನಂಗೆ ನೋಡಕ್ಕಾಗ್ಲಿಲ್ಲ.” ಆಮೇಲೆ ಆ ಕಡೆ ಹೋಗುವವರು ಯಾರೇ ಸಿಗಲಿ, ಅಕ್ಕಂಗೆ ತಲೆನೋವು ಬಂದೈತಾ ಕೇಳು ಎಂದು ಹೇಳಿಕಳಿಸುತ್ತಿದ್ದರು. ಹೋಗಿ ಬಂದವರೆಲ್ಲ, ಇಲ್ಲವಂತೆ, ಆರಾಮಾಗಿದ್ದಾರಂತೆ ಎಂದು ಸಂತೋಷದಿಂದ ಸುದ್ದಿ ತರುತ್ತಿದ್ದರು. ಕೇಳಿ ಅವ್ವನ ಮುಖ ಸಣ್ಣಗಾಗುತ್ತಿತ್ತು. ಅವರ ಜೀವನದಲ್ಲಿ ಬಗೆಹರಿಯದೆ ಉಳಿದ ಸಂಗತಿ ಅದೊಂದೇ ಇರಬೇಕು.

ಹೋದ ತಿಂಗಳು ಅವರಿಗೆ ಜ್ವರ ಬಂತು. ಮಲಗಿದವರು ಏಳಲಿಲ್ಲ. ಸೊಸೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತ ತಲೆನೋವಾ ಅತ್ತೆ ಎಂದಾಗ, “ಇಲ್ಲ ಕಣೇ, ಇವತ್ತು ತಲೆ ಹಗುರಾಗೈತೆ” ಅಂದರಂತೆ. ಅದೇ ಮಧ್ಯಾಹ್ನ ಹೋದರು.

ಮಾರನೆಯ ಬೆಳಿಗ್ಗೆ ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ಹಣೆಗೆ ವಿಭೂತಿ. ಬಂದವರೆಲ್ಲ ಒಂದೊಂದು ಹಾರ ತಂದು ಹಾಕಿ ಎದೆ ಕಾಣದಷ್ಟು ಹೂವಾಗಿತ್ತು. ಸತ್ತ ಮೇಲೆ ಎದೆಯ ಮೇಲೆ ಹೂವಿನ ರಾಶಿಯನ್ನೇ ಹಾಕಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ತಲೆಗೆ ಮಾತ್ರ ಇಡುವಂತಿಲ್ಲ, ಅದು ಮುತ್ತೈದೆಯರಿಗೆ. ಸ್ನಾನ ಮಾಡಿಸುವಾಗ ಯಾರೋ ತುರುಬು ಬಿಚ್ಚಿ ಮತ್ತೆ ಕಟ್ಟಿದ್ದರು. ಬಲಗಿವಿಯ ಹಿಂದೆ ಖಾಲಿ. ಆ ಒಂದು ಬೇಸಿಗೆ ಬಿಟ್ಟರೆ, ಜನ ಸೇರಿದ ಕಡೆ ಅವರನ್ನು ಹಾಗೆ ನಾನು ಕಂಡಿರಲಿಲ್ಲ. ಇವರು ನಮ್ಮ ಅವ್ವನೇ ಅಲ್ಲ ಅನಿಸಿತು. ಎತ್ತುವ ಹೊತ್ತು ಹತ್ತಿರವಾಗಿತ್ತು. ನಾನು ಹಿತ್ತಲಿಗೆ ಹೋಗಿ ಒಂದು ಕುಡಿ ಚಿವುಟಿಕೊಂಡು ಬಂದು, ಅವರ ತಲೆಯ ಹತ್ತಿರ ಕೂತು, ತುರುಬಿಗೆ ಸಿಕ್ಕಿಸಿದೆ.

“ಏಯ್, ಏನವ್ವ ಮಾಡ್ತಿದೀಯ? ತಲೆಗೆ ಇಡಂಗಿಲ್ಲ, ಗೊತ್ತಿಲ್ವಾ?” ಎಂದು ಹಿರಿಯರೊಬ್ಬರು ಗದರಿದರು. ಗುಂಪೆಲ್ಲ ನನ್ನನ್ನೇ ನೋಡುತ್ತಿತ್ತು.

ಉತ್ತರ ಕೊಟ್ಟವನು ಮಗ. ಅತ್ತು ಕೆಂಪಾದ ಕಣ್ಣು ಎತ್ತಿ, “ಇರ್ಲಿ ಬಿಡಿ ಮಾವ. ನಮ್ಮವ್ವಂಗೆ ತಲೆನೋವು. ಹೋಗೋ ದಾರೀಲಿ ಬಂದ್ರೆ ಅಲ್ಲಿ ಯಾರವ್ರೆ ಕೊಡೋಕೆ?” ಅಂದ.

ಹಿರಿಯರು ಹಿಂದಕ್ಕೆ ಸರಿದರು. ಗುಂಪಿನಲ್ಲಿ ನಾಲ್ಕಾರು ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಆ ಮಗನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾಗದೆಯೇ ತಾಯಿಯ ಪರವಾಗಿ ಹೇಳಬೇಕಾದ ಮಾತನ್ನೇ ಹೇಳಿದ. ನನಗೆ ಅವನ ಮೇಲೆ ಬಹಳ ಪ್ರೀತಿ ಬಂತು.

ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಕಷ್ಟಪಟ್ಟು ಕೆಳಗೆ ಕೂತರು. ಹಳೇಬೀಡಿನ ಓರಗಿತ್ತಿ. ಆ ಗುಂಡನೆಯ ಮೈ ಇಳಿದುಹೋಗಿತ್ತು, ಹಣೆ ಬರಿದಾಗಿತ್ತು. ಅವರು ಕೈ ಚಾಚಿ ಅವ್ವನ ತುರುಬಿನಲ್ಲಿದ್ದ ಕುಡಿಯನ್ನು ಮುಟ್ಟಿದರು. ಕಿತ್ತುಹಾಕುತ್ತಾರೆಂದುಕೊಂಡೆ. ಕೀಳಲಿಲ್ಲ. ಸರಿಯಾಗಿ ಕೂರುವಂತೆ ಇನ್ನಷ್ಟು ಒಳಗೆ ಸರಿಸಿ, ಆ ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡರು.

“ಟೀಚರಮ್ಮ” ಎಂದರು, ನನ್ನ ಕಡೆ ನೋಡದೆ. “ಇನ್ನೊಂದು ಕುಡಿ ಸಿಕ್ತದಾ?”

“ಅವ್ವನಿಗಾ?”

ಅವರು ತಲೆಯ ಮೇಲಿನ ಸೆರಗನ್ನು ಚೂರೇ ಹಿಂದಕ್ಕೆ ಸರಿಸಿದರು. ಬೆಳ್ಳಗಾದ ತೆಳು ತುರುಬು ಕಂಡಿತು.

“ನಂಗೂ ತಲೆನೋವು ಕಣವ್ವ. ಎರಡು ವರ್ಷದಿಂದ ಐತೆ. ಇವಳ್ಗೆ ಹೇಳ್ಲಿಲ್ಲ ನಾನು.”

ನಾನು ಎದ್ದು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಆಚೆ ಮರುಗದ ಸಾಲು ಬಿಸಿಲಿಗೆ ಮೈ ಒಡ್ಡಿತ್ತು. ಮೇಲಿನಿಂದ, ಉಗುರಿನಲ್ಲಿ, ಎರಡು ಕುಡಿ ಚಿವುಟಿದೆ. ಒಂದು ಅವರಿಗೆ. ಇನ್ನೊಂದು ನನಗೆ, ಆವತ್ತು ನನ್ನ ತಲೆ ನಿಜವಾಗಿಯೂ ನೋಯುತ್ತಿತ್ತು.